ಬಿಸ್ಕತ್ ಪೊಟ್ಟಣದ ಹಿಂಬದಿ
(ಹಾಸನಾಂಬ ಕಲಾಕ್ಷೇತ್ರದಲ್ಲಿ ಗ್ರಾಹಕರ ದಿನದಂದು ಮಾಡಿದ ಉಪನ್ಯಾಸ)

ತೂಕ, ಅಳತೆ, ಕಲಬೆರಕೆ ಇದೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ನಾನು ಟಿವಿಗೆ ಹೋಗೋ ನಮ್ಮ ದುಡ್ಡಿನ ಬಗ್ಗೆ ಮಾತಾಡ್ತೀನಿ.

2020ರ ಏಪ್ರಿಲ್. ನಮ್ಮ ಬೀದಿಗೆ ತಳ್ಳುಗಾಡೀಲಿ ತರಕಾರಿ ತರೋ ಸಾಬರೊಬ್ಬರು. ಕೊಸರಿಗೆ ಎರಡು ಹಸಿಮೆಣಸಿನಕಾಯಿ, ಒಂದೆಳೆ ಕರಿಬೇವು ಹಾಕದೆ ಯಾರನ್ನೂ ಕಳಿಸಿದವರಲ್ಲ. ಅವತ್ತು ಬೆಳಗ್ಗೆ ಕೂಗಿದರು, ಒಂದು ಗೇಟೂ ತೆಗೀಲಿಲ್ಲ. ಬೀನ್ಸ್ ಮೇಲೆ ಒದ್ದೆ ಗೋಣಿ ಹೊದಿಸಿ ಬೀದಿ ಕೊನೆವರೆಗೂ ಹೋಗಿ ವಾಪಸ್ ಬಂದರು. ಹಿಂದಿನ ರಾತ್ರಿ ಟಿವೀಲಿ ಒಬ್ಬರು ಕಿರುಚಿದ್ದರು, ಈ ಕೋಮಿನವರು ಬೇಕಂತಲೇ ರೋಗ ಹರಡ್ತಿದ್ದಾರೆ ಅಂತ.

ಮಾರನೆಯ ರಾತ್ರಿ ನೋಟ್‌ಬುಕ್ ಹಿಡಿದು ಕೂತೆ. ಅದೇ ಕಾರ್ಯಕ್ರಮದ ಅರ್ಧ ಗಂಟೇಲಿ ಬಂದ ಜಾಹೀರಾತು ಬರೆದುಕೊಂಡೆ: ಬಿಸ್ಕತ್ತು, ಅಡುಗೆ ಎಣ್ಣೆ, ಸ್ಕೂಟರು, ಸಾಂಬಾರ್ ಪುಡಿ. ನಾಲ್ಕೂ ನಮ್ಮ ಮನೇಲೇ ಇದ್ದವು! ಆ ಕಿರುಚಾಟಕ್ಕೆ ದುಡ್ಡು ಕೊಟ್ಟವನು ನಾನೇ. ಬಿಸ್ಕತ್ ಕಂಪನಿಗೆ ಕನ್ನಡದಲ್ಲೇ ಕಾಗದ ಬರೆದೆ. ಮೂರು ವಾರ ಆದಮೇಲೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, "ಸಾರ್, ಪ್ಯಾಕೆಟ್‌ನ ಬ್ಯಾಚ್ ನಂಬರ್ ಹೇಳಿ" ಅಂದಳು. "ಬಿಸ್ಕತ್ತು ಚೆನ್ನಾಗಿದೆ ತಾಯಿ, ಅದನ್ನು ಮಾರಿದ ದುಡ್ಡು ಎಲ್ಲಿಗೆ ಹೋಗ್ತಿದೆ ನೋಡಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ಕೊಂಡೆ ಸಾರ್" ಅಂದಳು.

ಇದರಿಂದ ಏನಾಗುತ್ತೆ ಅಂತೀರಾ? ಮಂಗಳೂರಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ 2007ರ ಜನವರೀಲಿ ಬ್ರಿಟನ್ನಿನ 'ಸೆಲೆಬ್ರಿಟಿ ಬಿಗ್ ಬ್ರದರ್' ಅನ್ನೋ ಟಿವಿ ಶೋ ಮನೆಯಲ್ಲಿ ಜನಾಂಗ ನಿಂದನೆ ಕೇಳಬೇಕಾಯ್ತು. ಅಲ್ಲಿನ ಪ್ರಸಾರ ನಿಯಂತ್ರಕ ಆಫ್ಕಾಂಗೆ 40,000ಕ್ಕೂ ಹೆಚ್ಚು ದೂರು ಬಂದವು. ಆಫ್ಕಾಂ ತೀರ್ಪು ಹೊರಬರೋ ಹೊತ್ತಿಗೆ ಮೇ ತಿಂಗಳು. ಪ್ರಾಯೋಜಕರಾದ ಕಾರ್ಫೋನ್ ವೇರ್‌ಹೌಸ್‌ನವರು ಜನವರೀಲೇ ಕೈ ತೆಗೆದಿದ್ದರು. ನಮ್ಮಲ್ಲೂ 2020ರ ಅಕ್ಟೋಬರ್‌ನಲ್ಲಿ, ಮೂರು ಚಾನೆಲ್‌ಗಳನ್ನು ಜಾಹೀರಾತು ಕೊಡದ ಕಪ್ಪುಪಟ್ಟಿಗೆ ಸೇರಿಸಿದ್ದೀವಿ ಅಂತ ಬಜಾಜ್ ಆಟೋದ ರಾಜೀವ್ ಬಜಾಜ್ ಹೇಳಿದರು. ದುಡ್ಡು ನಮ್ಮದು, ಅದಕ್ಕೇ ಅವರಿಗೆ ಕೇಳಿಸುತ್ತೆ.

ಆದರೆ ಅದೇ ತಿಂಗಳು ಒಡವೆ ಮಾರೋ ತನಿಷ್ಕ್‌ನವರು ಮುಸ್ಲಿಂ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡೋ ಜಾಹೀರಾತನ್ನು ಬಹಿಷ್ಕಾರದ ಕೂಗಿಗೆ ಹೆದರಿ ಹಿಂತೆಗೆದುಕೊಂಡರು. ಈ ಕತ್ತಿಗೆ ಎರಡೂ ಕಡೆ ಬಾಯಿ. ಅದಕ್ಕೇ ನನಗೆ 'ಬಹಿಷ್ಕಾರ' ಅನ್ನೋ ಮಾತು ಆಡೋಕೇ ಹಿಂಜರಿಕೆ. ಹಳ್ಳೀಲಿ ಬೆಳೆದ ಯಾರಿಗೂ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಂಗಡೀಲಿ ಸಾಮಾನಿಲ್ಲ, ಗಿರಣೀಲಿ ಹಿಟ್ಟು ಬೀಸಿಕೊಡಲ್ಲ, ಕೂಲಿಗೆ ಕರೆಯಲ್ಲ. ದಲಿತರಿಗೆ ಹೀಗೆ ಮಾಡೋದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ ಪ್ರಕಾರ ಅಪರಾಧ. ನಮ್ಮ ಬೀದಿ ಆ ತಳ್ಳುಗಾಡಿಗೆ ಮಾಡಿದ್ದೂ ಬಹಿಷ್ಕಾರವೇ. ನಾನು ಕೇಳ್ತಿರೋದು ಅದಲ್ಲ. ಆಡಿದ ಮಾತನ್ನು ತಾರೀಖು, ಹೊತ್ತು ಸಮೇತ ಬರೆಯಿರಿ. ದುಡ್ಡು ಕೊಟ್ಟ ಕಂಪನಿಗೆ ಕಳಿಸಿ. ಆಡಿದವನ ಜಾತಿ, ಮನೆ, ಮಕ್ಕಳ ತಂಟೆಗೆ ಹೋಗಬೇಡಿ. ಅವನ ಬಾಯಿ ಕಟ್ಟಿ ಅಂತ ನಾನು ಹೇಳ್ತಿಲ್ಲ. ಮಾತು ಅವನದು, ದುಡ್ಡು ನಮ್ಮದು.

ಚೀಟಿ ಬಂತು, ಐದೇ ನಿಮಿಷ ಅಂತೆ. ಟಿಆರ್‌ಪಿ ವಿಷಯ ಬಿಡ್ತೀನಿ, ಯೂಟ್ಯೂಬಿನದು ಇನ್ನೊಂದು ದಿನಕ್ಕಿರಲಿ. ಬಿಸ್ಕತ್ತಿನ ಪೊಟ್ಟಣ ತಂದಿದ್ದೀನಿ. ಹಿಂಬದಿ, ತೂಕ ಬರೆದಿರೋದರ ಕೆಳಗೆ, ಕಂಪನಿ ವಿಳಾಸ ಇದೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣ. ಕನ್ನಡಕ ಇರೋರು ಯಾರಾದರೂ ಮುಂದೆ ಬಂದು ಜೋರಾಗಿ ಓದಿ, ಉಳಿದವರು ಬರೆದುಕೊಳ್ಳಲಿ.