ಮಾಟೋಳಿಯ ಕೆಳಗಿನ ಗಣಪ

ಕೇಳುಗರೆಲ್ಲರಿಗೂ ನಮಸ್ಕಾರ.

ಚೌತಿ ಹತ್ತಿರ ಬಂತೆಂದರೆ ಮಾಪುಸಾದ ಶುಕ್ರವಾರದ ಸಂತೆಗೆ, ಪಣಜಿ, ಫೋಂಡಾ, ಮಡಗಾಂವ್ ಪೇಟೆಗಳ ರಸ್ತೆಬದಿಗೆ ವರ್ಷವಿಡೀ ಕಾಣದ ಸರಕು ಬಂದು ಬೀಳುತ್ತದೆ. ಕೆಂಡದ ಬಣ್ಣದ ಕವಂಡಳ, ಅಲ್ಲಾಡಿಸಿದರೆ ಗಲಗಲ ಎನ್ನುವ ಘಾಗ್ರಿಯ ಗೊಂಚಲು, ಹಸಿ ಅಡಿಕೆಗೊನೆ, ಅಗ್ನಿಶಿಖೆಯ ಹೂ. ಇವುಗಳಲ್ಲಿ ಎಷ್ಟೋ ಬಾಯಿಗೆ ಹಾಕುವಂಥವಲ್ಲ. ಅಗ್ನಿಶಿಖೆಯ ಗಡ್ಡೆಯಂತೂ ವಿಷ. ಆದರೂ ಗಣಪತಿಯ ನೆತ್ತಿಯ ಮೇಲೆ ಮರದ ಚೌಕಟ್ಟು ತೂಗುಬಿಟ್ಟು, ಅದರ ತುಂಬ ಇವನ್ನೆಲ್ಲ ಕಟ್ಟಲೇಬೇಕು. ಗೋವೆಯವರು ಅದನ್ನು ಮಾಟೋಳಿ ಎನ್ನುತ್ತಾರೆ. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ಇಲ್ಲಿಗೆ ಬಂದ ನಮ್ಮವರಿಗೆ ಅದು ಊರಿನ ಫಲಾವಳಿ.

ಹಬ್ಬದ ತಿರುಳು ಎಲ್ಲಿದೆ ಎಂದು ಕೇಳಿದರೆ ನಾನು ಈ ಮಾಟೋಳಿಯನ್ನೇ ತೋರಿಸುತ್ತೇನೆ. ಗಣೇಶ ವ್ರತದಲ್ಲಿ ಹೇಳಿದ 21 ಪತ್ರೆಗಳನ್ನು ನೆನಪಿಸಿಕೊಳ್ಳಿ. ಬಿಲ್ವ, ಬನ್ನಿ, ಅರಳಿ ಇರಲಿ, ಉತ್ತರಾಣಿ, ಎಕ್ಕ, ದತ್ತೂರಿ, ಗರಿಕೆಗಳೂ ಅಲ್ಲಿವೆ. ನಾವು ಕಳೆ ಎಂದು ಕಿತ್ತೆಸೆಯುವ ಗಿಡಗಳು ಇವು. ಅಷ್ಟನ್ನೂ ಒಟ್ಟುಮಾಡಬೇಕಾದರೆ ಬೇಲಿ, ಗದ್ದೆಯ ಅಂಚು, ಗುಡ್ಡದ ಇಳಿಜಾರು ಎಲ್ಲವೂ ಗೊತ್ತಿರಬೇಕು. ಅಜ್ಜನ ಹಿಂದೆ ಹೊರಟ ಹುಡುಗ ಒಂದೇ ಬೆಳಗಿನಲ್ಲಿ ಊರಿನ ಸಸ್ಯಗಳನ್ನೆಲ್ಲ ಕಲಿತು ಬರುತ್ತಿದ್ದ. ಪೂಜಾ ಸಾಮಗ್ರಿಯ ಪ್ಯಾಕೆಟ್ ಒಡೆದು ಒಣಗಿದೆಲೆ ಏರಿಸುವ ನಮ್ಮ ಮಕ್ಕಳಿಗೆ ಮಂತ್ರ ಸಿಗುತ್ತದೆ, ಗಿಡ ಸಿಗುವುದಿಲ್ಲ.

ವಾಸ್ಕೋ, ಝುವಾರಿನಗರದ ಕಡೆ ನೆಲೆಸಿದ ವಿಜಯಪುರ, ಬಾಗಲಕೋಟೆ, ಗದಗ ಸೀಮೆಯವರಿಗೆ ಇನ್ನೊಂದು ದಾರಿಯಿಂದ ಇದೇ ಮಾತು ಗೊತ್ತು. ಕಾರಹುಣ್ಣಿಮೆ ಮುಗಿದು ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಮಳೆಗಾಲದುದ್ದಕ್ಕೂ ಮಣ್ಣಿನ ಪೂಜೆ. ಬಿತ್ತಿದ ಹೊಲದ ಮಣ್ಣೇ ಕೈಗೆ ಬಂದು ದೇವರಾಗಿ, ಮತ್ತೆ ನೀರಿನಲ್ಲಿ ಕರಗಿ ಮಣ್ಣಾಗುತ್ತದೆ. ಆ ಸಾಲಿನಲ್ಲಿ ಗಣಪ್ಪನನ್ನು ನಿಲ್ಲಿಸಿ ನೋಡಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಏಕೆ ಸಲ್ಲದು ಎಂಬುದು ತಾನಾಗಿಯೇ ತಿಳಿಯುತ್ತದೆ. ಅದು ಜಿಪ್ಸಮ್ ಕಲ್ಲನ್ನು ಕಾಯಿಸಿ ಮಾಡಿದ ಪುಡಿ. ನೀರು ಬೆರೆತರೆ ಗಟ್ಟಿಯಾಗುತ್ತದೆ, ಮಣ್ಣಿನ ಹಾಗೆ ಕರಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನು ಬೇಡವೆನ್ನುತ್ತದೆ. ಗೋವೆಯಲ್ಲಿ ಇಂಥ ಮೂರ್ತಿಗೆ ನಿಷೇಧವೂ ಇದೆ. ಆದರೂ ಕೊಳ್ಳುವವರಿದ್ದಾರೆ, ಹೊಳಪು ಹೆಚ್ಚು ಎಂದು.

ಈ ನೆಲದ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. 1560ರಲ್ಲಿ ಪೋರ್ಚುಗೀಸರು ಇಲ್ಲಿ ಇನ್‌ಕ್ವಿಸಿಷನ್, ಅಂದರೆ ಚರ್ಚಿನ ಧರ್ಮವಿಚಾರಣೆಯ ನ್ಯಾಯಾಲಯ, ಸ್ಥಾಪಿಸಿದರು. ಮೂರ್ತಿ ಇಟ್ಟರೆ ಶಿಕ್ಷೆಯಾಗುತ್ತಿದ್ದ ಆ ದಿನಗಳಲ್ಲಿ ಜನ ಕದ ಮುಚ್ಚಿಕೊಂಡು ಎಲೆಗಳನ್ನೋ ಕಾಗದದ ಚಿತ್ರವನ್ನೋ ಪೂಜಿಸಿದರು ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಈಗಲೂ ಕೆಲವು ಮನೆತನಗಳಲ್ಲಿ ಮೂರ್ತಿ ತರುವುದಿಲ್ಲ, ಪತ್ರಿಯ ಗಣಪತಿಯೇ. ಆ ಕಾಲದಲ್ಲಿ ಮಂಟಪ ಇಲ್ಲ, ಮೆರವಣಿಗೆ ಇಲ್ಲ, ಜೋರಾಗಿ ಆರತಿ ಹಾಡುವ ಧೈರ್ಯವೂ ಇಲ್ಲ. ಅಷ್ಟೆಲ್ಲ ಹೋದ ಮೇಲೂ ಚೌತಿ ಉಳಿಯಿತು! ಡಿಜೆ ಇಲ್ಲದಿದ್ದರೆ ಹಬ್ಬಕ್ಕೆ ಕಳೆಯಿಲ್ಲ ಎನ್ನುವ ಗೆಳೆಯರಿಗೆ ನಾನು ಈ ಮನೆಗಳ ಕತೆ ಹೇಳುತ್ತೇನೆ. ಮಣ್ಣಿನ ಮಡಕೆಗೆ ಚರ್ಮ ಬಿಗಿದ ಘುಮಟ ಬಾರಿಸಿ ಆರತಿ ಹಾಡುವವರು ಇಲ್ಲಿ ಇನ್ನೂ ಇದ್ದಾರೆ. ಗೋವಾ ಸರ್ಕಾರ 2019ರಲ್ಲಿ ಘುಮಟಕ್ಕೆ ಪಾರಂಪರಿಕ ವಾದ್ಯದ ಮನ್ನಣೆ ಕೊಟ್ಟಿದೆ. ಆ ನಾದ ಮನೆ ತುಂಬುತ್ತದೆ, ಪಕ್ಕದ ಮನೆಯ ರೋಗಿಯ ಎದೆ ನಡುಗಿಸುವುದಿಲ್ಲ.

ಸಾರ್ವಜನಿಕ ಉತ್ಸವ ಬೇಡವೆಂದು ನಾನು ಹೇಳುತ್ತಿಲ್ಲ. 1893ರ ಸುಮಾರಿಗೆ ತಿಲಕರು ಪುಣೆಯಲ್ಲಿ ಅದನ್ನು ಬೆಳೆಸಿದ್ದು ಜನ ಒಂದೆಡೆ ಸೇರಲಿ ಎಂದು. ಸೇರಬೇಕು. ಆದರೆ ಸೇರಿದವರು ಪರಸ್ಪರ ಮಾತನಾಡುವುದು ಕೇಳಿಸುವಂತಿರಲಿ.

ಮಾಟೋಳಿಗೂ ಈಗ ಸ್ಪರ್ಧೆಗಳಿವೆ. ಮರೆತುಹೋಗುತ್ತಿದ್ದ ಗಿಡಗಳ ಹೆಸರುಗಳು ಅದರಿಂದ ಮತ್ತೆ ಬಾಯಿಗೆ ಬಂದವು, ಅದು ದೊಡ್ಡ ಉಪಕಾರ. ಎಣಿಕೆ ಏರಿಸುವ ಹಟದಲ್ಲಿ ಅಪರೂಪದ ಬಳ್ಳಿಯನ್ನು ಬೇರುಸಹಿತ ಕೀಳಬಾರದು, ಅಷ್ಟೇ. ಕಾಯಿ ಕೊಯ್ಯಿರಿ, ಬೇರು ಬಿಡಿ. ಪ್ಲಾಸ್ಟಿಕ್ ಹಣ್ಣು ತೂಗುಹಾಕುವುದಕ್ಕಿಂತ ಐದೇ ಐದು ಕಾಡುಕಾಯಿ ಕಟ್ಟುವುದು ಎಷ್ಟೋ ಮೇಲು.

ಗುಡ್ಡ ಹತ್ತಲು ಆಗದವರು ಗೋವೆಯ ಸತ್ತರಿ ತಾಲ್ಲೂಕಿನ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಕೊಳ್ಳಿ, ಚೌಕಾಸಿ ಬೇಡ. ಒಂದೊಂದು ಕಾಯಿಯ ಹೆಸರೂ ಕೇಳಿ, ಜೊತೆಗೆ ಮಕ್ಕಳಿರಲಿ. ಫ್ಲ್ಯಾಟಿನಲ್ಲಿರುವವರು ಬಣ್ಣ ಬಳಿಯದ, ಗೇಣುದ್ದದ ಮಣ್ಣಿನ ಮೂರ್ತಿ ತಂದರೆ ಮನೆಯ ಬಾಲ್ದಿಯಲ್ಲೇ ವಿಸರ್ಜಿಸಬಹುದು. ಆ ಮಣ್ಣು ತುಳಸಿಯ ಕುಂಡಕ್ಕೆ. ಮಾಟೋಳಿಯ ಸೌತೆ, ಪಡುವಲ, ಹೀರೆ ಅಡುಗೆಮನೆಗೆ. ಕಾಡುಕಾಯಿಗಳಲ್ಲಿ ಬಲಿತ ಬೀಜವಿದ್ದರೆ ಮಳೆ ನಿಲ್ಲುವುದರೊಳಗೆ ಹತ್ತಿರದ ಗುಡ್ಡದಲ್ಲಿ ಚೆಲ್ಲಿ ಬನ್ನಿ.

ಎಲ್ಲರಿಗೂ ಚೌತಿಯ ಶುಭಾಶಯಗಳು. ನಮಸ್ಕಾರ.