ಬೆಟ್ಟದೂರಿನ ಮೇಲ್ಸೇತುವೆಗೆ ಸಮುದ್ರದ ಮೇಷ್ಟ್ರ ಹೆಸರು

ಕಾಣ್ತಿದೆಯಾ, ಆ ಕಂಬ, ಅದರಿಂದ ಇಳಿದಿರೋ ಕೇಬಲ್‌ಗಳು? ಇಂಡೋನೇಷ್ಯಾದ ಬಂಡುಂಗ್‌ ಊರಿನ ಪಾಸುಪತಿ ಮೇಲ್ಸೇತುವೆ. 2022ರಲ್ಲಿ ಇದಕ್ಕೆ ಪ್ರೊಫೆಸರ್ ಮೊಖ್ತಾರ್ ಕುಸುಮಾತ್ಮಜ ಅವರ ಹೆಸರಿಟ್ರು. ಜನ ಮಾತ್ರ ಈಗಲೂ ಹಳೇ ಹೆಸರೇ ಹೇಳ್ತಾರೆ.

ಸಮುದ್ರದ ಕಾನೂನಿಗೆ ಜೀವ ತೇಯ್ದವರ ಹೆಸರು ಈ ಬೆಟ್ಟದೂರಿನ ಸೇತುವೆಗೆ ಯಾಕೆ? ನನಗಂತೂ ಸರಿ ಅನ್ನಿಸಲಿಲ್ಲ. ಯಾವುದಾದ್ರೂ ಬಂದರಿಗೆ ಇಡಬೇಕಿತ್ತು.

ಕ್ಯಾಮೆರಾ ಅಲುಗಾಡ್ತಿದೆ, ಯಾಕೆ ಅಂದ್ರೆ ಇಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ. ಹೆಸರಿನ ಫಲಕ ಸರಿಯಾಗಿ ಸಿಗಲಿಲ್ಲ, ಕೆಳಗಿಳಿದು ಸುತ್ತು ಹಾಕಿ ಮತ್ತೆ ಬಂದ್ವಿ. ಅಷ್ಟರಲ್ಲಿ ಮಳೆ. ಮಳೆ ಬಿದ್ದ ತಕ್ಷಣ ಟ್ಯಾಕ್ಸಿ ಆಪ್‌ನಲ್ಲಿ ಬಾಡಿಗೆ ಡಬಲ್! 60,000 ರೂಪಿಯಾ, ನಮ್ಮ ದುಡ್ಡಲ್ಲಿ ಮುನ್ನೂರು ದಾಟುತ್ತೆ. ಅದೇ ದಾರಿ, ಅದೇ ಕಾರು, ಅದೇ ಡ್ರೈವರ್. ಹೆಚ್ಚಿಗೆ ಕೊಟ್ಟಿದ್ದು ಅವರ ಕೈಗಾದ್ರೂ ಸೇರುತ್ತಾ ಅಂತ ಕೇಳಿದೆ, ಇಲ್ಲ ಅಂತ ತಲೆ ಅಲ್ಲಾಡಿಸಿದ್ರು. ಅದು ಅನ್ಯಾಯ. ಮಳೇಲಿ ಓಡಿಸೋರು ಅವರು ತಾನೇ? ಶನಿವಾರ ಬೇರೆ, ಜಕಾರ್ತದ 'ಬಿ' ನಂಬರ್ ಪ್ಲೇಟಿನ ಕಾರುಗಳೆಲ್ಲ ಇಲ್ಲೇ ಇವೆ. ಇರಲಿ, ಮೇಷ್ಟ್ರ ವಿಷಯಕ್ಕೆ ಬರ್ತೀನಿ.

1957. ಡಚ್ಚರ ಕಾಲದ ಕಾನೂನು ಇನ್ನೂ ಚಾಲ್ತಿಯಲ್ಲಿತ್ತು. ಒಂದೊಂದು ದ್ವೀಪದ ಸುತ್ತ 3 ಮೈಲಿ ಮಾತ್ರ ದೇಶದ್ದು, ಅದರಾಚೆ ಯಾರ ಹಡಗು ಬೇಕಾದ್ರೂ ಬರಬಹುದು. ಇವರದೇ ಜಾವಾ, ಕಾಲಿಮಂತನ್ ದ್ವೀಪಗಳ ನಡುವಿನ ನೀರೇ ಪರರ ದಾರಿ! ಪಶ್ಚಿಮ ಇರಿಯನ್, ಅಂದ್ರೆ ನ್ಯೂಗಿನಿಯ ಪಶ್ಚಿಮ ಭಾಗ ಯಾರದು ಅಂತ ಡಚ್ಚರ ಜೊತೆ ಜಗಳ ನಡೀತಿದ್ದ ಹೊತ್ತಲ್ಲಿ ಡಚ್ ಯುದ್ಧನೌಕೆ ಮನೆಯಂಗಳದಲ್ಲೇ ಓಡಾಡಬಹುದಿತ್ತು. ಆಗ 28 ವರ್ಷದ ಮೊಖ್ತಾರ್, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದವರು, ತೀರಾ ಹೊರಗಿನ ದ್ವೀಪಗಳ ತುದಿಗೆ ತುದಿ ಸೇರಿಸಿ ಗೆರೆ ಎಳೆಯೋಣ, ಒಳಗಿರೋ ನೀರೆಲ್ಲ ನಮ್ಮದು, ಗೆರೆಯಿಂದಾಚೆ ಇನ್ನೂ 12 ಮೈಲಿ ಅನ್ನೋ ವಾದ ಕಟ್ಟಿಕೊಟ್ರು. ಡಿಸೆಂಬರ್ 13ರಂದು ಪ್ರಧಾನಿ ಜುಆಂಡಾ ಅದನ್ನೇ ಘೋಷಿಸಿದ್ರು. ಅಮೆರಿಕ ಒಪ್ಪಲಿಲ್ಲ. ಜಗತ್ತು ಒಪ್ಪೋಕೆ 1982ರ ಸಮುದ್ರ ಕಾನೂನು ಒಪ್ಪಂದವೇ ಬರಬೇಕಾಯ್ತು, ಪೂರಾ 25 ವರ್ಷ. ಅಷ್ಟರಲ್ಲಿ ಇವರೇ ವಿದೇಶಾಂಗ ಮಂತ್ರಿ! ಗುಂಡು ಹಾರಿಸದೆ, ವಾದದಿಂದ ಅಷ್ಟು ನೀರು ದಕ್ಕಿಸಿಕೊಂಡ್ರಲ್ಲ, ಅದು ನನಗೆ ತುಂಬಾ ದೊಡ್ಡದು ಅನ್ಸುತ್ತೆ.

ನಡುವೆ ಅಧ್ಯಕ್ಷ ಸುಕಾರ್ನೋ ಕಾಲದಲ್ಲಿ ವಿಶ್ವವಿದ್ಯಾಲಯದ ಕೆಲಸ ಹೋಯ್ತು, ವಿದೇಶದಲ್ಲಿ ಓದು ಮುಂದುವರಿಸಿದ್ರು. ವಾಪಸ್ ಬಂದು 1974ರಲ್ಲಿ ನ್ಯಾಯ ಮಂತ್ರಿ, 1978ರಿಂದ 88ರವರೆಗೆ ವಿದೇಶಾಂಗ. ಕಾಂಬೋಡಿಯಾ ಯುದ್ಧ ನಿಲ್ಲಿಸೋಕೆ ವಿಯೆಟ್ನಾಂ ಜೊತೆ ಮಾತು ಶುರುಮಾಡಿದ್ದು ಒಳ್ಳೇದೇ. ಆದ್ರೆ ಪೂರ್ವ ತಿಮೋರ್ ಮೇಲೆ ಇಂಡೋನೇಷ್ಯಾ ಮಾಡಿದ ಆಕ್ರಮಣವನ್ನ ಅದೇ ಹತ್ತು ವರ್ಷ ಜಗತ್ತಿನ ಮುಂದೆ ಸಮರ್ಥಿಸಿಕೊಂಡ್ರಲ್ಲ, ಅದನ್ನ ನಾನು ಒಪ್ಪಲ್ಲ. ಸ್ವಂತ ನೀರಿಗಾಗಿ ಅಷ್ಟು ನ್ಯಾಯ ಕೇಳಿದವರು ಪಕ್ಕದವರ ನೆಲದ ವಿಷಯದಲ್ಲೂ ಕೇಳಬೇಕಿತ್ತು.

ಹಾಂ, ಮಳೆ ಕಡಿಮೆಯಾಯ್ತು, ಈಗ ಸೇತುವೆ ಕೆಳಗಿದ್ದೀವಿ. ಇಲ್ಲಿಂದ ದಿಪಾತಿ ಉಕುರ್ ರಸ್ತೆ ಹತ್ತಿರ. ಪಜಜಾರನ್ ವಿಶ್ವವಿದ್ಯಾಲಯದ ಹಳೇ ಕ್ಯಾಂಪಸ್ ಅಲ್ಲೇ ಇದೆ. ಇವರು ಪಾಠ ಮಾಡಿದ್ದು, ಡೀನ್ ಆಗಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಹಾಗಾದ್ರೆ ಬಂದರು ಬೇಡ, ಹೆಸರು ಇಲ್ಲೇ ಇರಲಿ. ಬ್ಯಾಟರಿ ಕೆಂಪಾಗ್ತಿದೆ, ಕ್ಯಾಂಪಸ್ ಗೇಟ್ ಹಾಕೋ ಮುಂಚೆ ನಡೀರಿ, ಬೇಗ ಬೇಗ.