ಮುಧೋಳ ಬರೋವರೆಗೂ ಸೋರಲಿಲ್ಲ, ಯಾಕೆ?

ನಮಸ್ಕಾರ್ರೀ! ಹೋದ ವಾರ ವಿಜಯಪುರದಲ್ಲಿ ಬೆಳಗಾವಿ ಬಸ್ ಹತ್ತುವ ಮುಂಚೆ ಒಂದು ತಪ್ಪು ಮಾಡಿದೆ. ಎರಡು ದೊಡ್ಡ ಗ್ಲಾಸ್ ಮಜ್ಜಿಗೆ ಕುಡಿದೆ. ಜಮಖಂಡಿ ದಾಟುವಷ್ಟರಲ್ಲಿ ಕಾಲ ಮೇಲೆ ಕಾಲು. ಕಂಡಕ್ಟರ್ ಅಂದರು, "ಮುಧೋಳದಾಗ ನಿಲ್ಲಸ್ತೇವ್ರೀ, ತಡ್ಕೋರಿ."

ತಡ್ಕೊಂಡೆ. ಆದರೆ ಪ್ರತಿ ಹಂಪ್‌ಗೂ ಒಂದೇ ಪ್ರಶ್ನೆ: ಮೂತ್ರಕೋಶ ಇಷ್ಟು ಹಿಗ್ಗಿದರೂ ಒಳಗೊಳಗೇ ಸೋರಲ್ವಲ್ಲ, ಹೇಗೆ?

[ಸ್ಕ್ರೀನ್ ಮೇಲೆ: ಅನುಲೇಪಕ ಅಂಗಾಂಶ]

ಒಂಬತ್ತನೇ ಕ್ಲಾಸಿನಲ್ಲಿ ಎರಡು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ದೇ ಇದು. ಎಪಿಥೀಲಿಯಂ. ಚರ್ಮ, ಬಾಯಿ, ಕರುಳು, ರಕ್ತನಾಳದ ಒಳಮೈ, ಎಲ್ಲಕ್ಕೂ ಇದರದೇ ಲೇಪ. ಜೀವಕೋಶಗಳು ಒಂದಕ್ಕೊಂದು ಒತ್ತಿ ಕೂತಿರುತ್ತವೆ. ಅಡಿಯಲ್ಲಿ ತೆಳುವಾದ ಒಂದು ಹಾಸು. ಈ ಲೇಪದಲ್ಲಿ ರಕ್ತನಾಳಗಳೇ ಇಲ್ಲ, ಊಟ ಎಲ್ಲಾ ಕೆಳಗಿನಿಂದ ಒಸರಿ ಬರಬೇಕು. ಅದಕ್ಕೇ ಉಗುರಿನ ಪಕ್ಕ ಮೇಲಿನ ಸಿಪ್ಪೆ ಮಾತ್ರ ಎದ್ದರೆ ರಕ್ತ ಬರಲ್ಲ. ಆಳಕ್ಕೆ ಕಿತ್ತಿರೋ, ಬರುತ್ತೆ. ಬೇಸಿಕ್ಸ್ ಮುಗೀತು.

ಈಗ ನನ್ನ ಫೇವರಿಟ್. ಮೂತ್ರಕೋಶ ಖಾಲಿ ಇದ್ದಾಗ ಅದರ ಒಳಲೇಪ ಐದಾರು ಪದರ ದಪ್ಪ ಕಾಣುತ್ತೆ. ತುಂಬಿದಾಗ ಎರಡು ಮೂರೇ. ಎಲ್ಲಕ್ಕೂ ಮೇಲೆ ದೊಡ್ಡ ದೊಡ್ಡ ಜೀವಕೋಶಗಳು. ಒಂದೊಂದೂ ಕೆಳಗಿನ ಹಲವು ಕೋಶಗಳ ಮೇಲೆ ಛತ್ರಿ ಹಿಡಿದ ಹಾಗೆ ಕೂತಿರುತ್ತೆ. ಹೆಸರೂ ಅದೇ, ಅಂಬ್ರೆಲಾ ಸೆಲ್!

ಬಲೂನಿನ ಹಾಗೆ ಹಿಗ್ಗುತ್ತೆ ಅಂದ್ಕೊಂಡಿದ್ದೆ. ಅಷ್ಟೇ ಅಲ್ಲ. ಗುಳೇದಗುಡ್ಡದ ಖಣ ತಂದು ಕುಪ್ಪಸ ಹೊಲಿಸಿದ್ದೀರಾ? ಟೈಲರ್ ಏನಂತಾರೆ? "ಒಳಗ ಬಟ್ಟಿ ಬಿಟ್ಟೇನ್ರೀ ಅಕ್ಕಾರ, ಬಿಗಿ ಆದ್ರ ಬಿಚ್ಚಿ ಕೊಡ್ತೇನಿ." ಈ ಛತ್ರಿಗಳೂ ಹಾಗೇ. ತಮ್ಮ ಹೊರಪೊರೆಯ ಎಕ್ಸ್‌ಟ್ರಾ ಬಟ್ಟೆಯನ್ನು ಚಪ್ಪಟೆ ಚೀಲಗಳಲ್ಲಿ ಮಡಚಿ ಒಳಗೇ ಇಟ್ಟಿರುತ್ತವೆ. ಮೂತ್ರ ತುಂಬುತ್ತಿದ್ದ ಹಾಗೆ ಆ ಚೀಲಗಳು ಮೇಲೆ ಬಂದು ಹೊರಪೊರೆಗೇ ಸೇರ್ಕೊಳ್ಳುತ್ತವೆ. ಕುಪ್ಪಸ ಅಗಲ ಆಯ್ತು! ಖಾಲಿ ಆದಮೇಲೆ ಬಟ್ಟೆ ವಾಪಸ್ ಒಳಗೆ. ದಿನಕ್ಕೆ ಆರೇಳು ಸಲ, ಹೊಲಿಗೆ ಕೂಲಿ ಇಲ್ಲದೆ.

ಸೋರಿಕೆ? ಕೋಶ ಕೋಶದ ನಡುವೆ ಬಿಗಿಯಾದ ಹೊಲಿಗೆ, ಮೇಲೆ ಯೂರೋಪ್ಲಾಕಿನ್ ಅನ್ನೋ ಪ್ರೋಟೀನಿನ ಬಿಲ್ಲೆಗಳು. ಕಿಡ್ನಿ ಸೋಸಿ ಹೊರಗೆ ಹಾಕಿದ ಕಸ ರಕ್ತಕ್ಕೆ ವಾಪಸ್ ನುಗ್ಗಬಾರದಲ್ವಾ?

ಅಯ್ಯೋ, ಟೈಮ್ ಆಯ್ತು, ಉಳಿದವು ಒಂದೇ ಉಸಿರಿನಲ್ಲಿ. ಶ್ವಾಸಕೋಶದ ಗಾಳಿಚೀಲಕ್ಕೆ ಒಂದೇ ಪದರ, ಆಕ್ಸಿಜನ್ ಸಲೀಸಾಗಿ ದಾಟಲಿ ಅಂತ. ಕರುಳಿನಲ್ಲಿ ಕಂಬದ ಹಾಗೆ ಎತ್ತರದ ಕೋಶಗಳು, ಊಟ ಹೀರ್ಕೊಂಡು ಮೂರರಿಂದ ಐದು ದಿನಕ್ಕೆ ಬದಲಾಗಿಬಿಡುತ್ತವೆ. ಶ್ವಾಸನಾಳದಲ್ಲಿ ಸಣ್ಣ ಸಣ್ಣ ರೋಮ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಬೈಕಿನಲ್ಲಿ ಹೋಗಿ ನುಂಗಿದ ಧೂಳನ್ನು ಕಫದ ಜೊತೆ ಮೇಲಕ್ಕೆ ತಳ್ಳೋದು ಇವೇ. ಚರ್ಮದಲ್ಲಿ ಪದರದ ಮೇಲೆ ಪದರ, ತುದಿಯಲ್ಲಿರೋದು ಸತ್ತ ಕೋಶಗಳು. ದಿನಾ ರೊಟ್ಟಿ ಬಡಿಯೋ ಅವ್ವನ ಅಂಗೈ ಮುಟ್ಟಿ ನೋಡಿ, ಗೊತ್ತಾಗುತ್ತೆ.

ಹಾಂ, ಮೂತ್ರ ತಡೆದು ಹಿಡಿಯೋದು ಸ್ನಾಯುಗಳ ಕೆಲಸ. ಲೇಪದ ಮೇಲೆ ಭಾರ ಹಾಕಿ ಸುಮ್ನೆ ಗಂಟೆಗಟ್ಟಲೆ ಕೂರಬೇಡಿ.

ಮುಧೋಳ ಬಂತು. ಓಡಿದೆ. ವಾಪಸ್ ಬಂದು ಸೀಟಿನಲ್ಲಿ ಕೂತರೆ ಕಿಟಕಿ ಹತ್ತಿರ ಒಬ್ಬ ಹುಡುಗ: "ಮಜ್ಜಗಿ ಬೇಕೇನ್ರೀ ಅಣ್ಣಾ?"